ಅಕ್ಕನ ಜರ್ಮನ್, ನನ್ನ ಗಂಟಲು

ಮೊನ್ನೆ ಕುರ್ಚಿಯಿಂದ ಎದ್ದಾಗ ಪ್ಯಾಂಟಿಗೆ ಚೀಟಿಯೊಂದು ಅಂಟಿಕೊಂಡು ಬಂತು. ‘ಶ್ಟೂಲ್’ ಎಂದು ಅಕ್ಕನ ಕೈಬರಹ. ಜರ್ಮನ್ ಭಾಷೆಯ ಕುರ್ಚಿ. ಹೋದ ವರ್ಷ ಸವದತ್ತಿಯ ನಮ್ಮ ಮನೆಯಲ್ಲಿ ಇಂಥ ಚೀಟಿ ಅಂಟದೆ ಉಳಿದದ್ದು ಅಪ್ಪನೊಬ್ಬನಿಗೇ.

ಅಕ್ಕ ಬೈಲಹೊಂಗಲದ ದವಾಖಾನೆಯಲ್ಲಿ ನರ್ಸ್. ಜರ್ಮನಿಯ ಆಸ್ಪತ್ರೆಯೊಂದು ಕೆಲಸ ಕೊಡಲು ಒಪ್ಪಿತ್ತು. ಭಾಷೆಯ ಪರೀಕ್ಷೆಯೊಂದು ಪಾಸಾಗಬೇಕಿತ್ತು. ಎಲ್ಲ ಬರುತ್ತಿತ್ತು ಅವಳಿಗೆ, ಬಹುವಚನವೊಂದನ್ನು ಬಿಟ್ಟು. ನೀವೇ ಹೇಳಿ, ನಾವು ಅಂಗಡಿಯಲ್ಲಿ ‘ನಾಕ ತತ್ತಿ ಕೊಡ್ರಿ’ ಎನ್ನುತ್ತೇವೆ. ‘ತತ್ತಿಗಳು’ ಎಂದರೆ ಅಂಗಡಿಯವನು ಕನ್ನಡಕ ಏರಿಸಿ ನೋಡುತ್ತಾನೆ. ಅವರಲ್ಲಿ ಹಾಗಲ್ಲ. ಒಂದು ಕೋಳಿತತ್ತಿ ‘ಆಯ್’, ಎರಡಾದರೆ ‘ಆಯರ್’. ಚಾ ಕಪ್ಪು ‘ಟಾಸ್ಸೆ’, ಕಪ್ಪುಗಳು ‘ಟಾಸ್ಸೆನ್’. ಶ್ಟೂಲ್ ಹಲವಾದರೆ ‘ಶ್ಟ್ಯೂಲೆ’. ಚಮಚ ಮಾತ್ರ ಒಂದಿದ್ದರೂ ‘ಲ್ಯೋಫೆಲ್’, ಡಬ್ಬಿ ತುಂಬಿದ್ದರೂ ‘ಲ್ಯೋಫೆಲ್’. ಯಾಕೆ? ನನ್ನನ್ನು ಕೇಳಬೇಡಿ, ನನಗೆ ಇವತ್ತಿಗೂ ತಲೆ ಗಿರ್ ಅನ್ನುತ್ತದೆ.

ಊರವರನ್ನು ಅಣಕಿಸಿ ಬೈಸಿಕೊಳ್ಳುವುದು ನಾನು ಕಲಿತ ಒಂದೇ ವಿದ್ಯೆ. ಅಕ್ಕನಿಗೆ ನೆನಪಿರಲಿ ಎಂದು ಅದನ್ನೇ ಹೂಡಿದೆ. ‘ಆಯರ್’ ಥರದವನ್ನೆಲ್ಲ ಟಂಟಂ ಆಟೋ ಓಡಿಸುವ ಮೌಲಾಲಿ ಕಾಕಾನ ದನಿಯಲ್ಲಿ, ಎಂಜಿನ್ನಿನ ಗುರುಗುರು ಸೇರಿಸಿ ಹೇಳಿದೆ. ‘ಟಾಸ್ಸೆನ್’ ಗುಂಪು ಮೂಗಿನಲ್ಲೇ ಮಾತಾಡುವ ಸೋದರತ್ತೆ ಗಂಗವ್ವನಿಗೆ. ಬದಲಾಗದ ಚಮಚ ಅಪ್ಪನಿಗೆ. ಅವನೂ ಏನು ಕೇಳಿದರೂ ‘ನೋಡೂಣಂತ’ ಅಷ್ಟೇ.

“ಕೂಸಿಗೆ ‘ಕಿಂಡ್’. ಭಾಳ ಆದ್ರ?” ಎಂದು ಅಕ್ಕನನ್ನು ಕೇಳುತ್ತಿದ್ದೆ.

“ಕಿಂಡರ್‌ರ್‌ರ್! ಮೌಲಾಲಿ ಕಾಕಾ!”

“ಮಂದೀನ ಅಣಕಸ್ಕೋತ ಕುಂತ್ರ ಜರ್ಮನಿ ಬರತೈತೇನೋ ಮಂಗ್ಯಾ?” ಎಂದು ಅವ್ವ.

ಬರಲಿಲ್ಲ. ಪುಣೆಯ ಪರೀಕ್ಷೆಯಲ್ಲಿ ತತ್ತಿಗಳ ಚಿತ್ರ ತೋರಿಸಿದರಂತೆ. ಅಕ್ಕನ ಕಿವಿಯೊಳಗೆ ಟಂಟಂ ಸ್ಟಾರ್ಟ್ ಆಯಿತು. ನಗು ಹತ್ತಿದ್ದು ನಿಲ್ಲಲೇ ಇಲ್ಲ. ಫೇಲು. ಆಸ್ಪತ್ರೆಯವರು ಇನ್ನೊಂದು ಸಲ ಕಾಯುತ್ತಾರೆ, ಅಷ್ಟೇ. ಆ ಪರೀಕ್ಷೆ ಬರುವ ತಿಂಗಳು.

ಅದಕ್ಕೇ ಮೊನ್ನೆ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡಳು. “ಇದು ಕಡೀದು. ನಗಸಬ್ಯಾಡ. ಬರೇ ನಿನ್ನ ದನಿಯಾಗ ಹೇಳು.”

ನನ್ನ ದನಿ! ಅದು ಯಾವುದು? ಗಂಟಲು ಸರಿಮಾಡಿಕೊಂಡೆ, ಅಪ್ಪನ ದನಿ ಬಂತು. ಮತ್ತೊಮ್ಮೆ ಬಾಯಿ ತೆರೆದೆ, ಗಂಗವ್ವನದು. ಅಕ್ಕನ ಕಣ್ಣಲ್ಲಿ ನೀರು ನಿಂತಿತ್ತು, ನಗೆಯದಲ್ಲ. ಗಾಬರಿಯಾಯಿತು. ಆಗ ಎಲ್ಲಿಂದಲೋ ತೆಳ್ಳನೆಯ, ಸ್ವಲ್ಪ ನಡುಗುವ ದನಿಯೊಂದು ಹೊರಬಂತು: “ಹೌಸ್, ಮನಿ. ಹೊಯ್ಜರ್, ಮನಿಗೋಳು.”

“ಹೊಯ್ಜರ್,” ಎಂದಳು ಅಕ್ಕ. ನಗಲಿಲ್ಲ.

ಅಡುಗೆಮನೆಯಿಂದ ಅವ್ವ ಕೂಗಿದಳು: “ಯಾರ ಬಂದಾರವಾ? ಕುಂದರಸು, ಚಾ ಇಡತೇನಿ.”