ಸುಣ್ಣ ಮೆತ್ತಿದ ಶೂರ

ಇಸಳೂರಿನ ನಮ್ಮ ಹೊಸ ಮನೆಯಲ್ಲಿ ಒಂದು ಗೋಡೆ ದೇವರದು, ಎದುರಿನ ಗೋಡೆ ನನ್ನದು. ನನ್ನ ಗೋಡೆಯ ತುಂಬ ಹಳೆಯ ವಿಡಿಯೋ ಗೇಮ್‌ಗಳ ಮುಖಚಿತ್ರಗಳನ್ನು ಫ್ರೇಮ್ ಹಾಕಿಸಿ ತೂಗುಹಾಕಿದ್ದೇನೆ. ಯಲ್ಲಾಪುರದಿಂದ ಬಂದ ನೆಂಟರೊಬ್ಬರು ಬರಿಮೈಯ ಆ ಶೂರರನ್ನೆಲ್ಲ ನೋಡಿ, ಜಿಮ್ ಏನಾದರೂ ಶುರು ಮಾಡಿದೆಯಾ ಎಂದು ಕೇಳಿದರು. ನಾನು ಸುಮ್ಮನಿರುವವನೇ? ಪೆಟ್ಟಿಗೆಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಒಳಗಿನ ಆಟದಲ್ಲಿ ಹಲ್ಲಿಯಷ್ಟೂ ಇರುವುದಿಲ್ಲ, ನಾಲ್ಕು ಚೌಕ ಚುಕ್ಕಿಗಳನ್ನು ನೋಡಿ ಇಡೀ ಯುದ್ಧ ಬರೆದ ಆ ಕಲಾವಿದನ ಎದೆಗಾರಿಕೆ ದೊಡ್ಡದು ಎಂದೆಲ್ಲ ಕೊರೆದೆ. ಕೊನೆಯ ಬಸ್ಸು ತಪ್ಪೀತು ಎಂದು ಅವರು ಎದ್ದರು. ಆಗಿನ್ನೂ ಮಧ್ಯಾಹ್ನ.

ಗೋಡೆಯ ನಟ್ಟನಡುವೆ ಒಂದು ಜಾಗ ಖಾಲಿ ಇತ್ತು. ಅದು ನಾನು ಮೊಟ್ಟಮೊದಲು ಕಂಡ ಚಿತ್ರಕ್ಕೆ ಮೀಸಲು. ನಾನು ಚಿಕ್ಕವನಿದ್ದಾಗ ಸಿದ್ದಾಪುರದಲ್ಲಿ ಮಾವ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ. ಅದರ ಗಾಜಿನ ಕಪಾಟಿನಲ್ಲಿದ್ದ ವಿಡಿಯೋ ಗೇಮಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕತ್ತಿ ಎತ್ತಿದ ಶೂರ, ಅವನ ಹಿಂದೆ ಉರಿಯುವ ಊರು. ಅಂಗಡಿ ಮುಚ್ಚಿತು. ಹೋದ ವರ್ಷ ಮಾವನೂ ತೀರಿಕೊಂಡ. ಡಬ್ಬಿ ಕೋಲಸಿರ್ಸಿಯ ತನ್ನ ಮನೆಯಲ್ಲೇ ಬಳಕೆಯಲ್ಲಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದೇ ತಡ, ಬದಲಿಗೆ ಕೊಡಲು ಹೊಳೆಯುವ ಸ್ಟೀಲ್ ಡಬ್ಬಿಯೊಂದನ್ನು ಕೊಂಡು ಬೈಕ್ ಹತ್ತಿದೆ.

ಡಬ್ಬಿ ಅತ್ತೆಯ ಕವಳದ, ಅಂದರೆ ಎಲೆಯಡಿಕೆಯ, ತಟ್ಟೆಯಲ್ಲಿತ್ತು. ಒಳಗೆ ಅಡಿಕೆ ಹೋಳು. ಮೇಲೆ ಶೂರನ ಒಂದು ಕಣ್ಣು ಬಿಟ್ಟು ಮುಖ, ಎದೆ, ಕತ್ತಿ ಎಲ್ಲಾ ಸುಣ್ಣ.

"ಇದ್ಕಾಗಿ ಅಲ್ಲಿಂದ ಬಂದ್ಯನಾ ತಮಾ?" ಅತ್ತೆ ನಕ್ಕಳು. "ಎಲ್ಲಾ ನಿನ್ನ ಮಾವನ ಕೆಲಸ. ಎಲೆಗೆ ಹಚ್ಚಿ ಉಳಿದ ಸುಣ್ಣ ಕಂಬಕ್ಕೆ ಒರೆಸ್ತಿದ್ದ. ಆನು ಬೈದಿ. ಮತ್ತೆ ಇದ್ಕೇ ಒರೆಸಲೆ ಹಿಡ್ದ. ಕಡಿಗೆ ಎನ್ನ ಕೈಗೂ ಅದೇ ರೂಢಿ ಆತು. ತಗಂಡು ಹೋಗು, ಎಂತ ಇದ್ದು ಅದ್ರಲ್ಲಿ."

ಅಡಿಕೆಯನ್ನು ಹೊಸ ಡಬ್ಬಿಗೆ ಸುರುವಿ ಹಳೆಯದನ್ನು ನನ್ನ ಕೈಗಿಟ್ಟಳು. ಇಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನನ್ನ ಚಾಣಾಕ್ಷತನವನ್ನು ನಾನೇ ಮೆಚ್ಚಿಕೊಂಡು ಅದನ್ನು ಚೀಲಕ್ಕೆ ತುಂಬಿದೆ. ಹತ್ತಿ, ನಿಂಬೆರಸ, ಮೆತ್ತಗಿನ ಬ್ರಷ್ ಎಂದು ಮನಸ್ಸು ಆಗಲೇ ತಿಕ್ಕಲು ಶುರು ಮಾಡಿತ್ತು.

ಅತ್ತೆ ನನಗೊಂದು ಕವಳ ಕಟ್ಟಿಕೊಟ್ಟು, ನಾನದನ್ನು ಬಾಯಿಗಿಟ್ಟ ಮೇಲೆ ತನಗೂ ಒಂದು ಎಲೆ ತೆಗೆದುಕೊಂಡಳು. ಸುಣ್ಣ ಹಚ್ಚಿದಳು. ಬೆರಳು ತನ್ನಷ್ಟಕ್ಕೆ ಬಲಕ್ಕೆ ಹೋಯಿತು. ಅಲ್ಲಿ ಹೊಳೆಯುವ ಸ್ಟೀಲು. ಬೆರಳು ಅದರ ಮೇಲೆ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಅತ್ತೆ ಆ ಬೆರಳನ್ನೇ ನೋಡುತ್ತ ಕುಳಿತಳು.

ನಾನು ಚೀಲದಿಂದ ಡಬ್ಬಿ ತೆಗೆದು ಬೆರಳಿನ ಕೆಳಗೆ ಹಿಡಿದೆ.

"ಬ್ಯಾಡ್ದಾ, ನಿನ್ನ ಚಿತ್ರ ಹಾಳಾಗ್ತು."

"ಒರೆಸು ಅತ್ತೆ."

ಒರೆಸಿದಳು. ಶೂರನಿಗೆ ಉಳಿದಿದ್ದ ಒಂದು ಕಣ್ಣೂ ಹೋಯಿತು. ಡಬ್ಬಿಯನ್ನು ತಟ್ಟೆಯಲ್ಲಿ ಅದರ ಜಾಗಕ್ಕೇ ಇಟ್ಟೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಣ್ಣು ನೋಡಿ, "ನಿಂಗೆಂತ ಆತಾ?" ಎಂದಳು. ಕವಳಕ್ಕೆ ಸುಣ್ಣ ಹೆಚ್ಚಾಗಿದೆ ಎಂದೆ.