ಅವ್ವನ ಅಂಗಳಕ್ಕೆ ಬಿದ್ದ ಒಂದು ತೊಟ್ಟು ಎಣ್ಣೆ

ಕುಣಿಗಲ್ಲಿನಲ್ಲಿ ಬಾಡಿಗೆ ಕಾರು ಎಂದರೆ ಮೂರೋ ನಾಲ್ಕೋ ಇದ್ದ ಕಾಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅದರಲ್ಲಿ ಒಂದು ನಮ್ಮಪ್ಪನದು. ಯಾವುದೋ ತೋಟದ ದೊರೆ ಮಾರಿಹೋಗಿದ್ದ ಕಪ್ಪು ಬಣ್ಣದ ವಿಲಾಯಿತಿ ಗಾಡಿ. ನಾಲ್ಕು ಕೈ ದಾಟಿ ನಮ್ಮಲ್ಲಿಗೆ ಬಂದಿತ್ತು. ಮದುವೆಗೆ, ಹೆರಿಗೆಗೆ, ಕೋರ್ಟಿಗೆ ಎಂದು ಜನ ಅಪ್ಪನನ್ನು ಕರೆಯುತ್ತಿದ್ದರು. ಕುದುರೆ ಫಾರಮ್ಮಿನ ಆಫೀಸರುಗಳು ತುಮಕೂರಿಗೆ ಹೋಗಿ ರೈಲು ಹತ್ತಬೇಕಾದರೂ ನಮ್ಮ ಕಾರೇ.

ಹಗಲೆಲ್ಲ ತಾಲ್ಲೂಕು ಕಚೇರಿ ಎದುರಿನ ಹುಣಸೆ ಮರದ ಕೆಳಗೆ ನಿಂತಿರುತ್ತಿದ್ದ ಕಾರು ಸಂಜೆ ನಮ್ಮ ಅಂಗಳಕ್ಕೆ ಬರುತ್ತಿತ್ತು. ಕಾರು ಅಪ್ಪನದಾದರೂ ಅಂಗಳ ಅವ್ವನದು. ದಿನಾ ಸಗಣಿ ಹಾಕಿ ಸಾರಿಸಿ ರಂಗೋಲಿ ಬಿಡುತ್ತಿದ್ದಳು. ಬೇಸಿಗೆ ಬಂತೆಂದರೆ ಅಲ್ಲೇ ಈಚಲು ಚಾಪೆ ಹಾಸಿ ಹಪ್ಪಳ, ಸಂಡಿಗೆ ಒಣಹಾಕುತ್ತಿದ್ದಳು. ಇಂಗು, ಜೀರಿಗೆ, ಹಸಿಮೆಣಸಿನಕಾಯಿಯ ಆ ವಾಸನೆಯ ಜೊತೆಗೆ ಕಾರಿನ ಪೆಟ್ರೋಲ್ ವಾಸನೆಯೂ ಸೇರಿದರೆ ನನಗೆ ಈಗಲೂ ಬೇಸಿಗೆ ರಜೆ ನೆನಪಾಗುತ್ತದೆ.

ಎಂಜಿನ್ ಆಯಿಲ್ ಬದಲಾಯಿಸುವ ದಿನ ಗಂಡ ಹೆಂಡಿರಿಗೆ ಜಟಾಪಟಿ.

“ಒಂದ್ ತೊಟ್ಟು ಬಿದ್ರೂ ಸರಿ, ನಿಮ್ ಕಾರ್ನ ಬೀದೀಲಿ ನಿಲ್ಸ್ಕೊಳ್ಳಿ. ತಿನ್ನೋ ಪದಾರ್ಥ ಒಣಗೋ ಜಾಗ ಇದು.”

“ತಿನ್ನೋಕ್ ಬರೋದೂ ಅದ್ರಿಂದ್ಲೇ ಕಣೆ.”

“ಬರ್ಲಿ. ಕಾಲ್ ಒರಸ್ಕೊಂಡ್ ಬರ್ಲಿ.”

ಅಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ಕಾರಿನ ಕೆಳಗೆ ಮಲಗಲು ಆಗುತ್ತಿರಲಿಲ್ಲ. ಆ ಕೆಲಸ ಅಕ್ಕನ ಪಾಲಿಗೆ ಬಂತು. ಅಕ್ಕ ಜಯ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪ ಜಗಲಿಯ ಮೇಲೆ ಕೂತು ಹೇಳಿಕೊಡುತ್ತಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಹೇಳುವುದಕ್ಕೇ ಏನೂ ಉಳಿಯಲಿಲ್ಲ. ಅವಳ ಕೆಲಸ ನೋಡಲು ಪಕ್ಕದ ಮನೆಯವರೂ ಬಂದು ನಿಲ್ಲುತ್ತಿದ್ದರು.

ಮೊದಲು ಅಪ್ಪ ಕಾರನ್ನು ಕೆರೆ ಏರಿಯವರೆಗೆ ಓಡಿಸಿಕೊಂಡು ಬರಬೇಕು. ಬಿಸಿಯಾದರೆ ಎಣ್ಣೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ. ಮುಂದಿನ ಎರಡು ಚಕ್ರ ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಬೇಕು. ಅಕ್ಕ ಲಂಗದ ಮೇಲೆ ಅಪ್ಪನ ಹಳೇ ಖಾಕಿ ಅಂಗಿ ತೊಟ್ಟು, ಬಟ್ಟೆ ಸೋಪನ್ನು ಹತ್ತು ಉಗುರಿನಿಂದಲೂ ಕೆರೆಯುತ್ತಿದ್ದಳು. ಉಗುರಿನೊಳಗೆ ಸೋಪು ತುಂಬಿಕೊಂಡರೆ ಕಪ್ಪು ಕೂರುವುದಿಲ್ಲ. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಒಲೆಯ ಬೂದಿ, ಬೂದಿಯ ಮೇಲೆ ಉದ್ದಕ್ಕೆ ಕತ್ತರಿಸಿದ ಸೀಮೆಎಣ್ಣೆ ಡಬ್ಬ. ಗಾಳಿಗೆ ಎಣ್ಣೆಯ ಧಾರೆ ಅಲ್ಲಾಡಬಾರದೆಂದು ಒಂದು ಅಡಿಕೆ ಹಾಳೆಯನ್ನು ದೋಣಿಯಂತೆ ಮಡಿಸಿ ಎಂಜಿನ್ ತಳದ ಬೋಲ್ಟಿನ ಕೆಳಗೆ ಹಿಡಿಯುತ್ತಿದ್ದಳು. ಸ್ಪ್ಯಾನರಿನಿಂದ ಸಡಿಲ ಮಾಡಿದ ಬೋಲ್ಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೆಯ ಸುತ್ತಿಗೆ ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಕಪ್ಪು ಎಣ್ಣೆ ಹಾಳೆಯ ಮೇಲೆ ಜಾರಿ ಸದ್ದಿಲ್ಲದೆ ಡಬ್ಬಕ್ಕೆ ಇಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಅವ್ವ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಒಂದು ತೊಟ್ಟು ಇರುತ್ತಿರಲಿಲ್ಲ. ಅಕ್ಕನ ಕೈಯಲ್ಲೂ ಕಲೆ ಇರುತ್ತಿರಲಿಲ್ಲ.

“ಇವ್ಳ್ ಕೈ ನೋಡ್ ಕಲ್ತ್ಕೊಳ್ಳೋ ನಂಜ,” ಎನ್ನುತ್ತಿದ್ದ ಅಪ್ಪ ನನಗೆ. ಐದನೇ ಕ್ಲಾಸಿನಲ್ಲಿ ಎರಡು ಸಲ ಕೂತವನು ನಾನು. ಆ ಮಾತು ಚುಚ್ಚುತ್ತಿತ್ತು. ಅದು ಅಕ್ಕನಿಗೂ ಗೊತ್ತಿತ್ತು.

ನನಗೆ ಹನ್ನೆರಡಾಗಿದ್ದ ಬೇಸಿಗೆಯಲ್ಲಿ ಒಂದು ದಿನ ಗಂಡಿನ ಕಡೆಯವರನ್ನು ಗುಬ್ಬಿಗೆ ಕರೆದುಕೊಂಡು ಹೋಗುವ ಬಾಡಿಗೆ ಬಂತು. ಮಾರನೆಯ ದಿನ ಮುಹೂರ್ತ. ಅವತ್ತು ಬೆಳಿಗ್ಗೆ ಅಪ್ಪ ಕಾರು ಬಿಸಿ ಮಾಡಿ ತಂದು ನಿಲ್ಲಿಸಿ ಸ್ನಾನಕ್ಕೆ ಹೋದ. ಅಕ್ಕ ನನ್ನನ್ನು ಕರೆದು ಸ್ಪ್ಯಾನರ್ ಕೈಗಿಟ್ಟಳು.

“ಇವತ್ತು ನೀನ್ ಮಲಕ್ಕೋ ಕೆಳಗೆ. ನಾನು ಮೇಲಿಂದ ಹೊಸ ಎಣ್ಣೆ ಹಾಕ್ತೀನಿ.”

“ಅಪ್ಪ ಬೈದ್ರೆ?”

“ಈಗ ಹೇಳಿದ್ರೆ ಇನ್ನೊಂದ್ಸಲ ಬಿಚ್ಚಿಸ್ತಾರೆ ಅಷ್ಟೆ. ಸಂಜೆ ಬಂದ್ಮೇಲೆ ನಂಜನೇ ಮಾಡಿದ್ದು ಅಂತ ನಾನೇ ಹೇಳ್ತೀನಿ.”

ಉಗುರಿಗೆ ಸೋಪು ತುಂಬಿಸಿಕೊಂಡು ಕೆಳಗೆ ಮಲಗಿದೆ. ಬೋಲ್ಟು ಅವಳು ಹೇಳಿದಂತೆಯೇ ಬಂತು. ಆದರೆ ಎಣ್ಣೆ ಸೋರದಂತೆ ಅದಕ್ಕೆ ಹಾಕಿದ್ದ ತಾಮ್ರದ ಬಿಲ್ಲೆ, ವಾಷರ್, ಕಳಚಿ ಡಬ್ಬದೊಳಕ್ಕೆ ಬಿತ್ತು. ಎಣ್ಣೆ ಇಳಿದು ಮುಗಿಯುವ ತನಕ ಅದು ಮುಳುಗಿದ ಜಾಗವನ್ನೇ ನೋಡುತ್ತ ಮಲಗಿದ್ದೆ. ಕೈ ಹಾಕಿದರೆ ಸಿಗುತ್ತಿತ್ತು. ಬಿಸಿ ಇತ್ತು, ನಿಜ. ಆದರೆ ಸುಡುವಷ್ಟೇನೂ ಅಲ್ಲ. ಮೊಣಕೈವರೆಗೆ ಕಪ್ಪಾಗುತ್ತದೆ ಎಂಬುದೇ ನನ್ನ ಚಿಂತೆ. ಅಕ್ಕನ ಹಾಗೆ ನಾನೂ ಬಿಳೀ ಕೈಯಲ್ಲಿ ಹೊರಗೆ ಬರಬೇಕಾಗಿತ್ತು. ವಾಷರ್ ಇಲ್ಲದೆಯೇ ಬೋಲ್ಟ್ ತಿರುಗಿಸಿದೆ. ಅದು ಸರಿಯಾಗಿ ಕಚ್ಚಿಕೊಳ್ಳಲಿಲ್ಲ.

“ವಾಷರ್ ಹಾಕ್ದೇನೋ?” ಮೇಲಿಂದ ಅಕ್ಕ ಕೇಳಿದಳು.

“ಹಾಕ್ದೆ.”

“ಬಿಗಿ ಆಯ್ತಾ?”

“ಆಯ್ತು.”

ಹೊರಗೆ ಬಂದು ಕೈ ತೋರಿಸಿದೆ. ಅಕ್ಕ ನನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕಳು. “ಭೇಷ್ ಕಣೋ. ನನ್ಗಿಂತ ಚೆನ್ನಾಗ್ ಮಾಡಿದೀಯ.”

ಅಪ್ಪ ವಿಭೂತಿ ಹಚ್ಚಿಕೊಂಡು ಬಂದು ಕಾರು ತೆಗೆದುಕೊಂಡು ಹೋದ. ಕಾರು ನಿಂತಿದ್ದ ಜಾಗದಲ್ಲಿ ಒಂದು ತೊಟ್ಟು ಬಿದ್ದಿತ್ತು. ಜೇನಿನ ಬಣ್ಣದ ಹೊಸ ಎಣ್ಣೆ. ಆ ಅಂಗಳದಲ್ಲಿ ನಾನು ಕಂಡ ಮೊದಲನೆಯ ತೊಟ್ಟು. ಹುಣಸೆ ಮರದ ಹತ್ತಿರ ಅಪ್ಪ ಗಂಡಿನ ಕಡೆಯವರಿಗಾಗಿ ಹಾರನ್ ಹೊಡೆಯುತ್ತಿದ್ದದ್ದು ಇನ್ನೂ ಕೇಳಿಸುತ್ತಿತ್ತು. ಒಂದೇ ಓಟದ ದೂರ. ನಾನು ಓಡಲಿಲ್ಲ. ಒಂದು ಹಿಡಿ ಬೂದಿ ಹಾಕಿ ಹಿಮ್ಮಡಿಯಿಂದ ಉಜ್ಜಿದೆ. ಆಮೇಲೆ ಚಾಪೆಯ ಮೇಲಿನ ಅರೆ ಒಣಗಿದ ಸಂಡಿಗೆ ಕದ್ದು ತಿನ್ನುತ್ತ ಕೂತೆ.

ಹೆಬ್ಬೂರಿನ ಹತ್ತಿರ, ಗುಂಡಿ ರಸ್ತೆಯ ಕುಲುಕಾಟಕ್ಕೆ ಬೋಲ್ಟ್ ಉದುರಿಹೋಗಿ ಎಣ್ಣೆಯೆಲ್ಲ ರಸ್ತೆ ಪಾಲಾಯಿತು. ಎಂಜಿನ್ನಿನ ಬೇರಿಂಗ್ ಹೋಯಿತು. ಮದುಮಗ ತೆಂಗಿನಕಾಯಿ ಲಾರಿ ಹತ್ತಿ ಗುಬ್ಬಿ ಸೇರಿದನಂತೆ. ಮಾರನೆಯ ದಿನ ಗಾಡಿ ಸಿದ್ದಣ್ಣನ ಎತ್ತುಗಳು ನಮ್ಮ ಕಾರನ್ನು ಪೇಟೆ ಬೀದಿಯಲ್ಲಿ ಎಳೆದು ತಂದವು. ಅಪ್ಪ ಸ್ಟಿಯರಿಂಗ್ ಹಿಡಿದು, ಯಾರನ್ನೂ ನೋಡದೆ ಕೂತಿದ್ದ.

“ಏನ್ ಡ್ರೈವರ್ರೇ, ಪೆಟ್ರೋಲ್ ಬುಟ್ಟು ಹುಲ್ಗೆ ಬಂದ್ರಾ?” ಎಂದು ಹೋಟೆಲಿನ ಬಾಗಿಲಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅಂಗಳಕ್ಕೆ ಇಳಿದವನೇ ಅಪ್ಪ ಅಕ್ಕನನ್ನು ಕರೆದ.

“ಬೋಲ್ಟ್ ಬಿಗಿ ಮಾಡಿದ್ಯೇನೆ?”

ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. ನಾನು ಕಂಬದ ಹಿಂದಿದ್ದೆ. “ಮಾಡಿದ್ದೆ ಅಪ್ಪ,” ಎಂದಳು.

“ಮಾಡಿದ್ರೆ ಎಲ್ಲೋಯ್ತು ಅದು?” ಅಪ್ಪ ಕೂಗಾಡಲಿಲ್ಲ. “ತಪ್ಪು ನಂದೇ ಬುಡು. ಹೆಣ್ ಕೈಗೆ ಸ್ಪ್ಯಾನರ್ ಕೊಟ್ಟೆ. ಇನ್ಮೇಲೆ ಕಾರ್ ತಂಟೆಗ್ ಬರ್ಬೇಡ. ನಂಜ ದೊಡ್ಡೋನಾಗವ್ನೆ, ಅವ್ನ್ ಕಲೀಲಿ.”

ಅಕ್ಕ ಒಳಗೆ ಹೋಗಿ ಖಾಕಿ ಅಂಗಿಯನ್ನು ಮಡಿಸಿ ಅಪ್ಪನ ಟ್ರಂಕಿನ ಮೇಲೆ ಇಟ್ಟಳು. ಬಾಯಿ ತೆರೆಯಲು ನನಗೆ ಅಷ್ಟು ಹೊತ್ತಿತ್ತು. ತೆರೆಯಲಿಲ್ಲ.

ಮೂರು ದಿನದ ಮೇಲೆ ಸಿದ್ದಣ್ಣ ಹಳೇ ಎಣ್ಣೆ ಕೇಳಿಕೊಂಡು ಬಂದ. ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಗೆ ಅವನು ಯಾವಾಗಲೂ ಅದನ್ನೇ ಒಯ್ಯುತ್ತಿದ್ದ. ಅಕ್ಕ ಡಬ್ಬ ಬಗ್ಗಿಸಿ ಅವನ ಪಾತ್ರೆಗೆ ಸುರಿಯುತ್ತಿದ್ದಳು. ಕೊನೆಯಲ್ಲಿ ತಳದಿಂದ ಏನೋ ಜಾರಿ, ಡಬ್ಬದ ಅಂಚಿಗೆ ಟಣ್ ಎಂದು ತಾಗಿ ಪಾತ್ರೆಗೆ ಬಿತ್ತು. ಅಕ್ಕ ಪಾತ್ರೆಯೊಳಕ್ಕೆ ಕೈ ಹಾಕಿದಳು. ಅವಳ ಕೈ ಮೊಣಕೈವರೆಗೆ ಕಪ್ಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿದ್ದಣ್ಣ ಹೋದ ಮೇಲೆ ವಾಷರನ್ನು ಬೂದಿ ಹಾಕಿ ತಿಕ್ಕಿ ಬೆಳಗಿದಳು. ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. “ಇನ್ನೊಂದ್ಸಲ ಬಿದ್ರೆ ಕೈ ಹಾಕಿ ತಗೋ. ಕೈ ತೊಳ್ಕೋಬೋದು,” ಎಂದಳು. ಅಷ್ಟೇ.

ಎಂಜಿನ್ ರಿಪೇರಿಯಾಗಿ ಬಂದ ಮೇಲೆ ಕಾರಿನ ಕೆಳಗೆ ನಾನು ಮಲಗತೊಡಗಿದೆ. ಅಕ್ಕ ಅಡಿಗೆಮನೆ ಕಿಟಕಿಯ ಹತ್ತಿರ ರುಬ್ಬುತ್ತ, “ಮೇಲಕ್ಕೊತ್ಕೊಂಡ್ ತಿರುಗ್ಸೋ,” “ವಾಷರ್ ನೋಡ್ಕೋ,” ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಎಂಜಿನ್ನಿನ ಸದ್ದು ಕೇಳಿಯೇ ಏನು ಕಾಯಿಲೆ ಎಂದು ಗುರುತಿಸುತ್ತಿದ್ದಳು. ಜಗಲಿಯ ಮೇಲಿದ್ದ ಅಪ್ಪನಿಗೆ ಎಲ್ಲವೂ ಕೇಳಿಸುತ್ತಿತ್ತು, ಕೇಳಿಸದವನಂತೆ ಕೂತಿರುತ್ತಿದ್ದ. ನನಗೆ ಬಂದ ವಿದ್ಯೆಯೆಲ್ಲ ಆ ಕಿಟಕಿಯಿಂದಲೇ ಬಂದದ್ದು. ಅದರಿಂದ ಮೂವತ್ತು ಚಿಲ್ಲರೆ ವರ್ಷ ಲಾರಿ, ಬಸ್ಸು ಓಡಿಸಿದೆ, ಮಕ್ಕಳನ್ನು ಓದಿಸಿದೆ. ಅಕ್ಕನನ್ನು ಚೇಳೂರಿಗೆ ಕೊಟ್ಟರು. ಒಳ್ಳೆಯ ಮನೆ. ಆದರೆ ಆ ಮನೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಹಳೇ ಕಾರು ಕೊಂಡು ಮೊದಲು ಚೇಳೂರಿಗೇ ಹೋದೆ. ಅಪ್ಪ ಆಗಲೇ ತೀರಿಕೊಂಡಿದ್ದ. ಅಕ್ಕನಿಗೆ ಅರವತ್ತು ದಾಟಿತ್ತು. ಹೊರಗೆ ಬಂದವಳು ನನ್ನ ಮುಖ ನೋಡುವ ಮೊದಲು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಳಗೆ ಕೈ ಚಾಚಿದಳು. ಕಣ್ಣಿನ ಸಹಾಯವಿಲ್ಲದೆಯೇ ಬೆರಳು ಬೋಲ್ಟನ್ನು ಹುಡುಕಿಕೊಂಡಿತು. ಬೆರಳ ತುದಿ ನೋಡಿಕೊಂಡಳು. “ಒಣಗೈತೆ,” ಎಂದಳು.

“ಅಕ್ಕ, ಅವತ್ತು ಅಪ್ಪನಿಗೆ ನಾನು ಹೇಳ್ಬೇಕಿತ್ತು,” ಎಂದೆ. ಅಷ್ಟನ್ನು ಹೇಳಲು ನಲವತ್ತು ಚಿಲ್ಲರೆ ವರ್ಷ ಬೇಕಾಗಿತ್ತು.

“ಹೇಳಿದ್ರೆ ಏನಾಗ್ತಿತ್ತು? ಇಬ್ರ್ ಕೈಯಿಂದ್ಲೂ ಸ್ಪ್ಯಾನರ್ ಕಿತ್ಕೊಳ್ತಿದ್ರು. ಒಂದ್ ಕೈಯಾದ್ರೂ ಉಳೀಲಿ ಅಂತ ಸುಮ್ಕಾದೆ. ಬಾ ಒಳಗೆ, ಸಂಡಿಗೆ ಕರೀತೀನಿ.”

ಈಗ ಅಕ್ಕ ಇಲ್ಲ. ಮಗನ ಕಾರಿಗೆ ಎಣ್ಣೆ ಬದಲಾಯಿಸಬೇಕಾದರೆ ಯಾರೋ ಬಂದು ತೆಗೆದುಕೊಂಡು ಹೋಗಿ ಸಂಜೆಗೆ ತಂದು ಬಿಡುತ್ತಾರೆ. ಕೆಳಗೆ ಮಲಗಿದವರು ಯಾರು, ಅವರಿಗೆ ಕಲಿಸಿದವರು ಯಾರು, ನಮಗೆ ತಿಳಿಯುವುದಿಲ್ಲ. ಅಂಗಳಕ್ಕೆ ಸಿಮೆಂಟ್ ಬಿದ್ದಿದೆ. ತೊಟ್ಟು ಬಿದ್ದರೆ ಜಗಳಕ್ಕೆ ನಿಲ್ಲುವ ಅವ್ವನೂ ಇಲ್ಲ. ಕಾರು ಹೊರಟ ಮೇಲೆ ಅದು ನಿಂತಿದ್ದ ಜಾಗವನ್ನು ನಾನೊಬ್ಬ ಬಗ್ಗಿ ನೋಡುತ್ತೇನೆ. ಅಕ್ಕ ಉಳಿಸಿಕೊಟ್ಟ ಆ ಒಂದು ಕೈಯಿಂದಲೇ ಇಷ್ಟನ್ನು ಬರೆದಿದ್ದೇನೆ.