ಸ್ಪೀಡ್ ಮಾವ

ಮೊನ್ನೆ ಮಂಚದಡಿ ವೈರ್ ಹುಡುಕಲು ಬಗ್ಗಿದ ಸ್ಪೀಡ್ ಮಾವ, ವಿಡಿಯೋ ಕರೆಯಲ್ಲಿದ್ದ ಡಾಕ್ಟರಿಗೆ ತಮ್ಮ ಹರಿದ ಪೈಜಾಮದ ಹಿಂಭಾಗವನ್ನು ಧಾರಾಳವಾಗಿ ತೋರಿಸಿಬಿಟ್ಟರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನಲ್ಲ. ಬೆಳಗೆದ್ದರೆ ಫೋನನ್ನು ಥರ್ಮಾಮೀಟರಿನಂತೆ ಹಿಡಿದು ಕೋಣೆಕೋಣೆಯ ಇಂಟರ್ನೆಟ್ ವೇಗ ಅಳೆಯುತ್ತಾರೆ. "ಹಾಲಲ್ಲಿ ಕುದುರೆ, ಅಡುಗೆಮನೇಲಿ ಕತ್ತೆ, ಮಲಗೋ ಕೋಣೇಲಿ ಬಸವನಹುಳು" ಎಂದು ಗೋಡೆಗಳನ್ನು ಬೈಯುತ್ತಾರೆ. ಕಂಪನಿಯವರೊಡನೆ ಫೋನಿನಲ್ಲಿ, ಒಳಗೆ ಹಾಸಿಗೆ ಹಿಡಿದಿರುವ ಹೆಂಡತಿಗೆ ಕೇಳಿಸುವಷ್ಟು ಜೋರಾಗಿ ಜಗಳವಾಡುತ್ತಾರೆ. ವಾರಕ್ಕೊಮ್ಮೆ ಪರದೆಯ ಮೇಲೆ ಬರುವ ಡಾಕ್ಟರು "ಸ್ಕ್ಯಾನಿಂಗ್ ರಿಪೋರ್ಟ್ ಬಂದಿದೆ, ನೋಡಿಮ್ಮಾ" ಎಂದು ತೆರೆದ ಬಾಯಿ ತೆರೆದಂತೆಯೇ ಕಲ್ಲಾಗುತ್ತಾರೆ. "ನಿಮ್ಮ ಫೈಬರಿಗಿಂತ ನನ್ನ ಕಾಲೇ ವಾಸಿ ರೀ, ಸ್ವಲ್ಪನಾದ್ರೂ ಅಲ್ಲಾಡುತ್ತೆ" ಎಂದು ಆಕೆ ನಗುತ್ತಾರೆ. ಕೊನೆಗೆ ರಿಪೇರಿಯವನನ್ನು ಕರೆಸಿದ್ದೂ ಆಕೆಯೇ. ಹೊರಗಿನಿಂದ ಬರುವ ಲೈನಿನಲ್ಲಿ ವೇಗ ಪೂರ್ತಿಯಿರುವುದನ್ನು ಕಂಡು ಅವನು ತಲೆ ಕೆರೆದುಕೊಂಡ. ವೈರಿನ ಜಾಡು ಹಿಡಿದು ಹಾಲಿನ ಕಬ್ಬಿಣದ ಬೀರುವನ್ನು ತೆಗೆದರೆ, ನಾಲ್ಕು ಕಂಬಳಿಗಳ ಕೆಳಗೆ ರೂಟರು ಬೆಚ್ಚಗೆ ಮಲಗಿತ್ತು. "ಇದನ್ನ ನಾನು ಅಮ್ಮನ ಮಂಚದ ಪಕ್ಕಾನೇ ಹಾಕಿದ್ನಲ್ಲ ಸಾರ್, ಇಲ್ಯಾರು ತುರುಕಿದ್ದು?" ಸ್ಪೀಡ್ ಮಾವ ಮಲಗುವ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. "ನಾನೇ ಕಣಪ್ಪ. ಇಲ್ದಿದ್ರೆ ಡಾಕ್ಟರು ಹೇಳೋದು ಅವಳಿಗೆ ಪೂರ್ತಿ ಕೇಳಿಸಿಬಿಡುತ್ತೆ."